‘ಹೃದಯ ವೈಫಲ್ಯ’ ಎಂದರೆ ಹೃದಯ ನಿಂತಿತೆಂದೇ?

ಶಿರಸಿ ಸಮೀಪದ ನಮ್ಮೂರಿನಲ್ಲಿ ತೋಟ ಕಾಯುವ ದೊಡ್ಡ ನಾಯಿಯೊಂದಕ್ಕೆ ಕಳೆದ ಮಳೆಗಾಲದಲ್ಲಿ ಜ್ವರ ಬಂದು, ಮೊದಲು ಮುಂಗಾಲು, ಎರಡು ದಿನ ಬಿಟ್ಟು ಹಿಂಗಾಲು ಕುಂಟತೊಡಗಿತು. ಪಶುವೈದ್ಯರು ಪರೀಕ್ಷಿಸಿ, ಹೃದಯದ ಕವಾಟಕ್ಕೆ ಸೋಂಕು ತಗಲಿ ‘ಹೃದಯ ವೈಫಲ್ಯ’ ಶುರುವಾಗಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಹೃದಯವೇ ಕೈಕೊಟ್ಟ ಮೇಲೆ ಔಷಧವೇಕೆಂದು ಯಜಮಾನರು ಎರಡು ದಿನ ಮಾತ್ರೆಯನ್ನೇ ತರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಏಕೆಂದರೆ ‘ವೈಫಲ್ಯ’ ಎಂಬ ಪದದಲ್ಲಿ ಎಲ್ಲವೂ ಮುಗಿಯಿತೆಂಬ ಧ್ವನಿಯೇ ಇದೆ.

ಹೃದಯ ಸ್ತಂಭನದಲ್ಲಿ ಬಡಿತ ನಿಲ್ಲುತ್ತದೆ, ಇಲ್ಲಿ ಹಾಗಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಬಂದ ರಕ್ತವನ್ನು ಪೂರ್ತಿ ಮುಂದೂಡಲಾರದೆ ಹಿಂದೆ ಒತ್ತಡ ಏರಿ, ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಮಲಗಿ ನಿದ್ರಿಸುವ ನಾಯಿಯ ಪಕ್ಕೆ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಏರಿಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಫ್ಯೂರೋಸೆಮೈಡ್‌ನಂಥ ಔಷಧ ಆ ನೀರನ್ನು ಮೂತ್ರದಲ್ಲಿ ಇಳಿಸಿ ಉಸಿರಾಟವನ್ನು ಹಗುರ ಮಾಡುತ್ತದೆ.

ಗುಡ್ಡ ಹತ್ತಿ ಬಂದವರು ‘ಕಾಲು ಸೋತು ಹೋಯ್ತು’ ಎನ್ನುವಾಗ ಕಾಲು ಇಲ್ಲವಾಯಿತೆಂದು ಯಾರೂ ತಿಳಿಯುವುದಿಲ್ಲ. ಶಕ್ತಿ ಕುಂದಿದೆ, ಆಸರೆ ಬೇಕು ಎಂದೇ ತಿಳಿಯುತ್ತಾರೆ. ಆದ್ದರಿಂದ ‘ಹೃದಯ ಸೋಲುತ್ತಿದೆ’ ಎಂದು ಬರೆದರೆ ಅರ್ಥವೂ ಸರಿ, ಔಷಧಕ್ಕೆ ಜಾಗವೂ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

‘ಕವಾಟ’ದ ಬಗ್ಗೆ ನನ್ನ ತಕರಾರಿಲ್ಲ. ಬಾವಿಯ ಪಂಪಿನ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿ ನೀರು ಹಿಂದಕ್ಕೆ ಸೋರುವುದನ್ನು ಕಂಡ ಅಡಿಕೆ ಬೆಳೆಗಾರರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ‘ವಾಲ್ವ್ ಕಾಯಿಲೆ’ ಎಂಬ ಒಂದೇ ಮಾತಿನಲ್ಲಿ ಎರಡು ರೋಗಗಳು ಬೆರೆತಿವೆ. ಸಣ್ಣ ತಳಿಯ ನಾಯಿಗಳಲ್ಲಿ ವಯಸ್ಸಾದಂತೆ ಕವಾಟ ದಪ್ಪಗಾಗುವುದು ಸೋಂಕಲ್ಲ. ದೊಡ್ಡ ನಾಯಿಗಳಲ್ಲೇ ಹೆಚ್ಚಾಗಿ ಕಾಣುವ ಇನ್ನೊಂದರಲ್ಲಿ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ಬೇರೂರುತ್ತದೆ. ಅದಕ್ಕೆ ವಾರಗಟ್ಟಲೆ ಆಂಟಿಬಯೋಟಿಕ್ ಬೇಕು. ಗಾಯ ಕೀತಾಗ ನಾವು ಹೇಳುವ ‘ನಂಜು’ ಇದಕ್ಕೆ ಹೊಂದುತ್ತದೆ: ‘ಕವಾಟದ ನಂಜು’.

ಅಲ್ಲಿ ಬೆಳೆಯುವ, ಚೂರಾಗಿ ಕಳಚಿ ರಕ್ತದೊಡನೆ ಮೂತ್ರಪಿಂಡದವರೆಗೂ ಹರಿಯುವ ಗಂಟಿಗೆ ‘ನಂಜುಗಂಟು’ ಎನ್ನಬಹುದೇ? ಕಾರವಾರ, ಅಂಕೋಲಾ ಕಡೆಯವರು ಬಳಸುವ ಬೇರೆ ಪದವಿದ್ದರೆ, ಯಾವ ಸಂದರ್ಭದಲ್ಲಿ ಕೇಳಿದ್ದೆಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.