ಅಪ್ಪನ ಮನೆ, ಜಮೀನು: ದಾನಪತ್ರವೋ, ವಿಲ್ಲೋ?

ಪ್ರಶ್ನೆ: ಅಪ್ಪನಿಗೆ 78, ಅಮ್ಮನಿಗೆ 71. ಹಾಸನದಲ್ಲಿ ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಊರಲ್ಲಿ ತಾತನಿಂದ ಬಂದ 2 ಎಕರೆ 10 ಗುಂಟೆ, ಬ್ಯಾಂಕಿನಲ್ಲಿ ಸ್ವಲ್ಪ ಎಫ್‌ಡಿ ಇದೆ. ಅಕ್ಕ, ನಾನು, ತಮ್ಮ ಮೂವರು ಮಕ್ಕಳು. ಜೊತೆಗಿರುವ ತಮ್ಮ "ಈಗಲೇ ಮನೆ ನನ್ನ ಹೆಸರಿಗೆ ದಾನಪತ್ರ ಮಾಡಿಬಿಡಿ, ಆಮೇಲೆ ಓಡಾಟ ತಪ್ಪುತ್ತೆ" ಅಂತಿದ್ದಾನೆ. ಯಾವುದು ಸರಿ? ವಿಲ್ ಆದರೆ ರಿಜಿಸ್ಟರ್ ಮಾಡಿಸಲೇಬೇಕಾ? ಬಲ್ಲವರು ತಿಳಿಸಿ.

ಉತ್ತರ 1
ದಾನಪತ್ರ ನೋಂದಣಿಯಾದ ದಿನವೇ ಮನೆ ಅಪ್ಪನದಾಗಿ ಉಳಿಯುವುದಿಲ್ಲ. ನಾಳೆ ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲು ಬರುವುದಿಲ್ಲ. ವಿಲ್ ಹಾಗಲ್ಲ, ಬದುಕಿರುವಷ್ಟು ದಿನ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕರ್ನಾಟಕದಲ್ಲಿ ಮಕ್ಕಳಿಗೆ ಕೊಡುವ ದಾನಪತ್ರದ ಮುದ್ರಾಂಕ ಶುಲ್ಕ ಆಸ್ತಿ ಬೆಲೆಯ ಶೇಕಡಾವಾರು ಅಲ್ಲ, ಸಣ್ಣದೊಂದು ನಿಗದಿತ ಮೊತ್ತ. ಖರ್ಚು ಕಡಿಮೆ ಅಂತಲೇ ಜನ ಅವಸರಪಡುತ್ತಾರೆ. 78ರ ವಯಸ್ಸಿನಲ್ಲಿ ತಲೆ ಮೇಲಿನ ಸೂರನ್ನು ಬರೆದುಕೊಡುವುದು ಬೇಡವೇ ಬೇಡ ಅನ್ನುವುದು ನನ್ನ ಸಲಹೆ.

ಕೊಡಲೇಬೇಕು ಅಂತಾದರೆ ಷರತ್ತು ಪತ್ರದ ಒಳಗೇ ಇರಲಿ. ಸಾಮಾನ್ಯವಾಗಿ ಪತ್ರಗಳಲ್ಲಿ "ಪ್ರೀತಿ ವಿಶ್ವಾಸದಿಂದ ದಾನ ಮಾಡಿರುತ್ತೇನೆ" ಅಂತಷ್ಟೇ ಇರುತ್ತದೆ. ಅದು ಸಾಲದು. "ನನ್ನ ಮತ್ತು ನನ್ನ ಪತ್ನಿಯ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ" ಎಂದು ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಹಿಡಿಯುವುದೇ ಈ ಷರತ್ತನ್ನು. ಮಗ ತಪ್ಪಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಷರತ್ತು ಇರಲಿಲ್ಲ ಅನ್ನುವ ಕಾರಣಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ತಾಯಿಯೊಬ್ಬರ ಕೋರಿಕೆ ತಳ್ಳಿಹಾಕಿತು. 2025ರ ಜನವರಿಯ ತೀರ್ಪು ಹಿರಿಯರ ಪರ ಉದಾರವಾಗಿದೆ, ಆದರೆ ಅದನ್ನೇ ನಂಬಿ ಷರತ್ತು ಬಿಡಬೇಡಿ. "ಎಂದೂ ಮಾರಬಾರದು" ಅಂತ ಬರೆದರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಅದರ ಬದಲು ಇಬ್ಬರಿಗೂ ಜೀವಿತಾವಧಿ ವಾಸದ ಹಕ್ಕು, ಬಾಡಿಗೆ ಬಂದರೆ ಬಾಡಿಗೆಯ ಹಕ್ಕು ಉಳಿಸಿಕೊಳ್ಳಲಿ.

ಉತ್ತರ 2
ವಿಲ್ ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಹಿಂದೂಗಳಿಗೆ ಕರ್ನಾಟಕದಲ್ಲಿ ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ) ಕೂಡ ಕಡ್ಡಾಯವಲ್ಲ. ಕಡ್ಡಾಯವಾದದ್ದು ಅಪ್ಪನ ಸಹಿ ಮತ್ತು ಇಬ್ಬರು ಸಾಕ್ಷಿ. ಅಪ್ಪ ಸಹಿ ಹಾಕುವುದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ಅಪ್ಪನೇ ಅವರಿಗೆ ಹೇಳಿರಬೇಕು. ಸಾಕ್ಷಿಗಳೂ ಅಪ್ಪನ ಎದುರಲ್ಲೇ ಸಹಿ ಹಾಕಬೇಕು. ಪತ್ರ ಬರೆಸಿ, ಸಾಕ್ಷಿ ಸಹಿಯನ್ನು ಮಾರನೇ ದಿನ ಅವರ ಮನೆಗೆ ಕಳಿಸಿ ಹಾಕಿಸಿಕೊಂಡು ಬಂದರೆ ವಿಲ್ ಅಲ್ಲೇ ಬಿದ್ದುಹೋಗುತ್ತದೆ.

ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಅಪ್ಪನ ಓರಗೆಯ ಸ್ನೇಹಿತರನ್ನೇ ಸಾಕ್ಷಿ ಮಾಡಿದರೆ ಆ ಹೊತ್ತಿಗೆ ಅವರು ಇರುತ್ತಾರೋ ಇಲ್ಲವೋ. 45-50 ವಯಸ್ಸಿನ, ಅದೇ ಊರಲ್ಲಿ ನೆಲೆಸಿದ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಆರಿಸಿ.

ನೋಂದಣಿ ಮಾಡಿಸಿ ಅಂತಲೇ ಹೇಳುತ್ತೇನೆ. ಮೂಲ ಪ್ರತಿ ಕಳೆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಇರುತ್ತದೆ. ಅಪ್ಪನಿಗೆ ಓಡಾಡಲು ಆಗದಿದ್ದರೆ ಕಾರಣ ಕೊಟ್ಟು ಅರ್ಜಿ ಹಾಕಿ, ಅಧಿಕಾರಿ ಮನೆಗೇ ಬಂದು ನೋಂದಾಯಿಸಲು ಅವಕಾಶವಿದೆ. ಹಾಗಂತ ನೋಂದಣಿಯಾದ ಮಾತ್ರಕ್ಕೆ ವಿಲ್ ಗಟ್ಟಿಯಲ್ಲ. ಮೈಸೂರು ರಾಜ್ಯದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹಿಂದೆಯೇ ಇದನ್ನು ಬಿಡಿಸಿ ಹೇಳಿದೆ: ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನ ಕಳೆಯುವ ಹೊಣೆ ಅವನದೇ. ಆದ್ದರಿಂದ ವಕೀಲರನ್ನು ಗೊತ್ತು ಮಾಡುವುದು, ಫೀಸು ಕೊಡುವುದು, ಸಾಕ್ಷಿ ಕರೆತರುವುದು ಯಾವುದಕ್ಕೂ ನಿಮ್ಮ ತಮ್ಮ ಮುಂದಾಗದಿರಲಿ.

ಬರಹ ಕನ್ನಡದಲ್ಲೇ, ಅಪ್ಪ ಓದಿ ತಿಳಿಯುವ ಹಾಗಿರಲಿ. "ಹಾಸನದ ಮನೆ ಕಿರಿಯ ಮಗನಿಗೆ" ಅಂದರೆ ಸಾಲದು. ಖಾತೆ ಸಂಖ್ಯೆ, ಉದ್ದಗಲ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಕ್ರಯಪತ್ರದ ನೋಂದಣಿ ಸಂಖ್ಯೆ ಮತ್ತು ತಾರೀಕು ಬರಬೇಕು. ಪ್ರತಿ ಪುಟಕ್ಕೂ ಸಹಿ. ಯಾರಿಗಾದರೂ ಕಡಿಮೆ ಕೊಟ್ಟರೆ ಕಾರಣ ಒಂದೇ ಸಾಲಿನಲ್ಲಿ ಇರಲಿ. ಕೊನೆಗೆ "ಇಲ್ಲಿ ನಮೂದಿಸದ ಉಳಿದ ಆಸ್ತಿ ಇಂಥವರಿಗೆ" ಎಂಬ ಸಾಲು ಮರೆಯಬೇಡಿ.

ಅಮ್ಮನ ವಿಷಯ: ಅವರಿಗೆ ಜೀವಿತಾವಧಿ ಹಕ್ಕು ಮಾತ್ರವೋ, ಪೂರ್ಣ ಹಕ್ಕೋ, ಅಪ್ಪ ಮೊದಲೇ ತೀರ್ಮಾನಿಸಲಿ. "ಜೀವನಾಂಶಕ್ಕಾಗಿ" ಅಂತ ಬರೆದುಬಿಟ್ಟರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಅದು ಪೂರ್ಣ ಹಕ್ಕೇ ಆಗಬಹುದು. ಒಂದು ಪದಕ್ಕೆ ಇಷ್ಟು ತೂಕ.

(ಇದೆಲ್ಲ ಹಿಂದೂ ಕುಟುಂಬಗಳಿಗೆ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡಲಾಗದು.)

ಉತ್ತರ 3
ಜಮೀನಿನ ಬಗ್ಗೆ ಯಾರೂ ಕೇಳದ ಪ್ರಶ್ನೆ: ತಾತನಿಗೆ ಅದು ಹೇಗೆ ಬಂತು? ತಾತನ ಸ್ವಯಾರ್ಜಿತವಾಗಿದ್ದು, 1956ರ ಕಾಯ್ದೆ ಬಂದ ಮೇಲೆ ವಿಲ್ ಇಲ್ಲದೆ ಅವರು ತೀರಿಕೊಂಡಿದ್ದರೆ ಅಪ್ಪನ ಪಾಲು ಅಪ್ಪನ ಸ್ವಂತದ್ದು. ಆದರೆ ಆಗ ನಿಮ್ಮ ಸೋದರತ್ತೆಯರಿಗೂ ಸಮಪಾಲು ಇದೆ. ಪಹಣಿಯಲ್ಲಿ ಅಪ್ಪನೊಬ್ಬರ ಹೆಸರಿದ್ದ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ. ಅವರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಿದೆಯಾ ನೋಡಿ.

ತಾತನ ಕೈಯಲ್ಲೂ ಅದು ಪಿತ್ರಾರ್ಜಿತವೇ ಆಗಿದ್ದರೆ ನಿಮ್ಮ ಅಕ್ಕನಿಗೂ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅದನ್ನೇ ಹೇಳುತ್ತವೆ, ಮದುವೆಯಾಗಿದ್ದರೂ ಸೈ. ಅಪ್ಪ ತಮ್ಮ ಸ್ವಂತ ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಅಂಥ ಜಮೀನನ್ನು ಪ್ರೀತಿಗಾಗಿ ಒಬ್ಬರಿಗೆ ದಾನ ಕೊಡುವುದು ನಿಲ್ಲುವುದಿಲ್ಲ ಅಂತ ಕರ್ನಾಟಕದ ಪ್ರಕರಣದಲ್ಲೇ 2022ರಲ್ಲಿ ತೀರ್ಪಾಗಿದೆ. ಎಲ್ಲರೂ ಒಪ್ಪಿದರೆ ಈಗಲೇ ವಿಭಾಗ ಪತ್ರ ಮಾಡಿಸುವುದು ಲೇಸು. ಅದಕ್ಕೆ ಮೊದಲು 11ಇ ನಕ್ಷೆಗೆ (ಜಮೀನು ಭಾಗ ಮಾಡುವ ಮುನ್ನ ಸರ್ವೆಯವರು ಅಳೆದು ಕೊಡುವ ನಕ್ಷೆ) ಅರ್ಜಿ ಹಾಕಿ.

ಉತ್ತರ 4
ಎಫ್‌ಡಿಗೆ ನಾಮಿನಿ ಇದ್ದರೆ ಬ್ಯಾಂಕ್ ದುಡ್ಡನ್ನು ಅವರ ಕೈಗೆ ಕೊಡುತ್ತದೆ ಅಷ್ಟೇ, ಒಡೆತನ ವಾರಸುದಾರರದು. ವಿಲ್‌ನಲ್ಲೊಂದು ಹೆಸರು, ನಾಮಿನಿ ಇನ್ನೊಬ್ಬರು ಅಂತಾದರೆ ಜಗಳ ಖಂಡಿತ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಪಾಲಿನ ಪ್ರಮಾಣವನ್ನೂ ನಮೂದಿಸಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಈಚೆಗೆ ಸ್ವಲ್ಪ ಮರೆವು. ಸದ್ಯಕ್ಕೆ ಒಂದು ಜಿಪಿಎ (ಅಪ್ಪನ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಪತ್ರ) ಮಾಡಿಸಿಟ್ಟರೆ ಸಾಕಾ?

ಉತ್ತರ 2 ಬರೆದವರು
ಸಾಲದು. ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಬಿದ್ದುಹೋಗುತ್ತದೆ, ತೀರಿಕೊಂಡರೂ ಅಷ್ಟೇ. ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ಅಪ್ಪನಿಗೆ ಗಾರ್ಡಿಯನ್ ನೇಮಿಸಿ ಅಂತ ಕೋರ್ಟಿಗೇ ಹೋಗಬೇಕು. ಹಾಗಾಗಿ ವಿಲ್ ಈ ತಿಂಗಳೇ ಆಗಲಿ. ಸಣ್ಣ ಮರೆವು ವಿಲ್‌ಗೆ ಅಡ್ಡಿಯಲ್ಲ. ಸಹಿ ಹಾಕುವ ದಿನವೇ ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ. ಬರೀ "ಫಿಟ್" ಅನ್ನುವ ಚೀಟಿ ಬೇಡ. ಅಪ್ಪ ಮಕ್ಕಳ ಹೆಸರು ಹೇಳಿದರು, ಆಸ್ತಿ ಏನೇನಿದೆ ಅಂತ ಹೇಳಿದರು, ಈ ಪತ್ರದಿಂದ ಏನಾಗುತ್ತದೆ ಅಂತ ತಿಳಿದಿದ್ದಾರೆ ಎಂದು ವೈದ್ಯರು ದಿನಾಂಕ, ಸಮಯ ಸಹಿತ ಬರೆದುಕೊಡಲಿ. ಹತ್ತು ನಿಮಿಷದ ವಿಡಿಯೋ ಕೂಡ ಮಾಡಿ, ಆಗ ಮಕ್ಕಳು ಯಾರೂ ಕೋಣೆಯಲ್ಲಿ ಇರಬೇಡಿ.

ಮೂಲ ಪ್ರತಿಯನ್ನು ಅಪ್ಪನೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ವಿಲ್ ಬೇಕಾದ ದಿನ ಆ ಲಾಕರ್ ತೆಗೆಸುವುದೇ ಬೇರೆ ತಾಪತ್ರಯವಾಗುತ್ತದೆ. ಅಕ್ಕನಿಗೂ ನಿಮಗೂ ತಮ್ಮನಿಗೂ ಅದು ಎಲ್ಲಿದೆ ಅಂತ ಅಪ್ಪನೇ ಬಾಯಿಬಿಟ್ಟು ಹೇಳಿರಲಿ.