ಬೆರಳು, ಕೆಂಪು ನೆಲ, ಊಟದ ಮೇಜು: ಮೂರಕ್ಕೂ ಹಿಡಿದ ಅಂಟನ್ನು ಬಿಡಿಸುವುದು ಹೇಗೆ?

ಗೊಂಬೆಮನೆ, ಮಲ್ಲೇಶ್ವರ (ಸಂಜೆ 6.50)

ಎಲ್ಲರಿಗೂ ನಮಸ್ಕಾರ. ನಾಡಿದ್ದು ಗೊಂಬೆ ಕೂರಿಸಬೇಕು. ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದರೆ, ಅತ್ತೆಯವರ ತವರಿನಿಂದ ಬಂದ ಮಣ್ಣಿನ ಸರಸ್ವತಿಯ ವೀಣೆಯ ದಂಡಿ ಎರಡು ತುಂಡಾಗಿತ್ತು. ಕ್ಷಣದಲ್ಲಿ ಹಿಡಿಯುವ ಅಂಟಿನ ಸಣ್ಣ ಟ್ಯೂಬೊಂದು ಮನೆಯಲ್ಲಿತ್ತು. ಮುರಿದ ಜಾಗಕ್ಕೆ ಒಂದು ಹನಿ ಹಾಕಿದೆ. ಮಣ್ಣು ಅದನ್ನು ಹೀರಿಕೊಂಡು ಏನೂ ಹಾಕಿಯೇ ಇಲ್ಲವೆಂಬಂತೆ ಒಣಗಿ ಕಂಡಿತು. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ನಾಲ್ಕನೆಯ ಸಲ ಟ್ಯೂಬನ್ನು ಜೋರಾಗಿ ಒತ್ತಿಬಿಟ್ಟೆನೆಂದು ಕಾಣುತ್ತದೆ, ಅಂಟು ದಂಡಿಯ ಆಚೆ ಬದಿಯಿಂದ ಇಳಿದು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸೇರಿಕೊಂಡಿತು.

ಈಗ ಆ ಎರಡು ಬೆರಳುಗಳೂ ಒಂದಕ್ಕೊಂದು ಕಚ್ಚಿಕೊಂಡಿವೆ. ಇದನ್ನು ಬಲಗೈಯೊಂದರಿಂದಲೇ ಬರೆಯುತ್ತಿದ್ದೇನೆ. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ; ಅದರ ಮೇಲೆ ಅಡಿಕೆ ಹೋಳಿನಷ್ಟು ಅಗಲಕ್ಕೆ ಅಂಟು ಬಿದ್ದು ಗಟ್ಟಿಯಾಗಿದೆ. ಪಾಲಿಶ್ ಮಾಡಿದ ಬೀಟೆ ಮರದ ಊಟದ ಮೇಜಿನ ಮೇಲೆ ಮೂರು ಹನಿಗಳಿವೆ. ಕೊಬ್ಬರಿ ಎಣ್ಣೆ ಹಚ್ಚಿ ಎಳೆದರೆ ಬರುತ್ತದೆಂದು ಅತ್ತೆ, ನೇಲ್ ಪಾಲಿಶ್ ರಿಮೂವರ್ ಎಂದು ಮಗಳು, ಬಣ್ಣ ಹೊಡೆಸಿದಾಗ ಉಳಿದ ಥಿನ್ನರ್ ಇದೆಯಲ್ಲ ಎಂದು ಯಜಮಾನರು ಹೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಬಿಳಿಕೋಟು (ಸಂಜೆ 6.58)

ಮೇಡಂ, ಸದ್ಯಕ್ಕೆ ಯಾರ ಮಾತೂ ಬೇಡ. ಬೆರಳುಗಳನ್ನು ಎಳೆಯಬೇಡಿ, ಬೇರೆಯವರಿಗೂ ಎಳೆಯಲು ಬಿಡಬೇಡಿ. ಎಳೆದರೆ ಅಂಟಿಗಿಂತ ಮೊದಲು ಚರ್ಮ ಕಿತ್ತು ಬರುತ್ತದೆ. ಥಿನ್ನರನ್ನಂತೂ ಕೈಗೆ ಮುಟ್ಟಿಸಲೇಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವ ಟೊಲ್ಯೂಯೀನ್‌ನಂಥ ದ್ರಾವಕಗಳು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಗೆ ಹೋಗುತ್ತವೆ.

ಅಗಲ ಬಾಯಿಯ ಪಾತ್ರೆಯಲ್ಲಿ ಮಗುವಿಗೆ ಎರೆಯುವ ನೀರಿನ ಹದಕ್ಕೆ ಬಿಸಿನೀರು ತೆಗೆದುಕೊಂಡು, ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿ, ಹದಿನೈದು ನಿಮಿಷ ಕೈ ಅದ್ದಿಟ್ಟುಕೊಳ್ಳಿ. ನೀರು ಆರಿದಂತೆ ಬಿಸಿ ಸೇರಿಸುತ್ತಿರಿ. ಆಮೇಲೆ ಬೆರಳುಗಳನ್ನು ನೇರ ಅಗಲಿಸದೆ, ಅವುಗಳ ನಡುವೆ ಪೆನ್ಸಿಲ್ ಉರುಳಿಸುತ್ತಿರುವಿರೋ ಎಂಬಂತೆ ಮೆಲ್ಲಗೆ ಹಿಂದೆ ಮುಂದೆ ಜರುಗಿಸಿ. ಅಂಚಿನಲ್ಲಿ ಸಂದು ಬಿಟ್ಟ ಮೇಲೆ ಚಮಚದ ಹಿಡಿಯಂಥ ಮೊಂಡಾದ ವಸ್ತುವನ್ನು ತೂರಿಸಬಹುದು. ಬ್ಲೇಡು, ಚಾಕು ಬೇಡ.

ಇದನ್ನು ಓದುವ ಉಳಿದವರಿಗೂ ಒಂದು ಮಾತು. ಈ ಅಂಟು ಕಣ್ಣಿಗೆ ಸಿಡಿದರೆ ಮೇಲಿನ ಯಾವ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಉಗುರು ಬೆಚ್ಚಗಿನ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ರೆಪ್ಪೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ, ಒದ್ದೆ ಬಟ್ಟೆ ಮುಚ್ಚಿ, ರಾತ್ರಿಯೇ ಆದರೂ ಮಿಂಟೋ ಆಸ್ಪತ್ರೆಗೋ ಹತ್ತಿರದ ಕಣ್ಣಾಸ್ಪತ್ರೆಗೋ ಹೋಗಬೇಕು. ತುಟಿ ಅಂಟಿಕೊಂಡರೆ ಹೊರಗಿನಿಂದ ಬಿಸಿನೀರಿನ ಬಟ್ಟೆ, ಒಳಗಿನಿಂದ ಎಂಜಲು, ಇವೆರಡೇ ಮದ್ದು. ಅಂದಹಾಗೆ ಮೇಡಂ, ಆ ಟ್ಯೂಬು ಮನೆಯಲ್ಲಿ ಎಲ್ಲಿತ್ತು?

ರಸಾಯನ ಮೇಷ್ಟ್ರು (ಸಂಜೆ 7.15)

ನಿಮ್ಮ ಟ್ಯೂಬಿನಲ್ಲಿರುವುದು ಸೈನೊಅಕ್ರಿಲೇಟ್. ಫೆವಿಕಾಲ್‌ನಂಥ ಬಿಳಿ ಅಂಟು ತನ್ನಲ್ಲಿರುವ ನೀರು ಆರಿದಾಗ ಗಟ್ಟಿಯಾದರೆ, ಇದು ತದ್ವಿರುದ್ಧವಾಗಿ ತೇವ ಸಿಕ್ಕಾಗ ಗಟ್ಟಿಯಾಗುತ್ತದೆ. ಒಣಗಿದ ಮಣ್ಣಿನ ಮೇಲೆ ನಿಧಾನಿಸಿದ ಅಂಟು ನಿಮ್ಮ ಬೆರಳನ್ನು ತಕ್ಷಣ ಹಿಡಿದದ್ದು ಅದಕ್ಕೇ. ಬೆವರಿನ ಪಸೆಯಷ್ಟೇ ಅದಕ್ಕೆ ಸಾಕು. ಅಮೆರಿಕದ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಗಾಜಿಗೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಈ ವಸ್ತು ಎದುರಾಯಿತು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂಬ ಕಾರಣಕ್ಕೇ ಮೂಲೆಗೆ ಬಿತ್ತು, 1958ರಲ್ಲಿ ಅದೇ ಗುಣಕ್ಕಾಗಿ ಅಂಗಡಿಗೆ ಬಂತು.

ಅತ್ತೆಯವರ ಎಣ್ಣೆಯ ಬಗ್ಗೆ: ಹಲಸಿನ ಹಣ್ಣು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರುತ್ತೇವಲ್ಲ, ಆ ಅನುಭವದಿಂದ ಅವರು ಹೇಳಿದ್ದಾರೆ, ಹಲಸಿನ ಮೇಣಕ್ಕೆ ಅದು ಸರಿಯೂ ಹೌದು. ಆದರೆ ಗಟ್ಟಿಯಾದ ಸೈನೊಅಕ್ರಿಲೇಟ್ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಅಂಚಿನಿಂದ ಒಳಗೆ ನುಸುಳಿ ಸ್ವಲ್ಪ ಜಾರಿಕೆ ಕೊಡುತ್ತದೆ ಅಷ್ಟೆ. ಆದ್ದರಿಂದ ಅವರ ಎಣ್ಣೆ ಇರಲಿ, ಎಳೆಯುವುದು ಬೇಡ.

ಮಗಳು ಹೇಳಿದ ರಿಮೂವರ್ ಕೆಲಸ ಮಾಡುತ್ತದೆ, ಆದರೆ ಸೀಸೆಯ ಮೇಲೆ ಅಸಿಟೋನ್ ಎಂದು ಬರೆದಿದೆಯೇ ನೋಡಿ. ಅಸಿಟೋನ್ ಇಲ್ಲದ್ದೆಂದೇ ಹೆಮ್ಮೆಯಿಂದ ಮಾರುವ ಬಗೆಗಳು ಈ ಕೆಲಸಕ್ಕೆ ಬಹಳ ನಿಧಾನ. ಬಿಸಿನೀರಿನಿಂದ ಬಿಡದಿದ್ದರೆ ಮಾತ್ರ, ಅಂಟಿನ ಅಂಚಿಗೆ ಎರಡು ಹನಿ ಅಸಿಟೋನ್ ಹಾಕಿ, ಒಂದೆರಡು ನಿಮಿಷ ಬಿಟ್ಟು, ಅಂಟು ಬೆಳ್ಳಗೆ ಮೆತ್ತಗಾದ ಮೇಲೆ ಮತ್ತೆ ಜರುಗಿಸಿ. ಗಾಯವಿದ್ದ ಕಡೆ, ಮುಖದ ಮೇಲೆ, ಎಳೆ ಮಕ್ಕಳ ಮೈಮೇಲೆ ಅಸಿಟೋನ್ ಬೇಡ. ಇನ್ನೂ ಮುಖ್ಯವಾದದ್ದು ಬೆಂಕಿಯ ಮಾತು: ಅಸಿಟೋನಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಿದಾಡುತ್ತದೆ ಮತ್ತು ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಸಂಜೆಯ ಹೊತ್ತು, ದೇವರ ಮನೆಯಲ್ಲಿ ದೀಪ ಉರಿಯುತ್ತಿರಬಹುದು. ಕಿಟಕಿ ತೆರೆದು, ದೀಪದಿಂದಲೂ ಒಲೆಯಿಂದಲೂ ದೂರ ಕುಳಿತು ಮಾಡಿ.

ಇನ್ನೊಂದು ಮಾತು. ಹಸಿ ಅಂಟನ್ನು ಹತ್ತಿಯಿಂದಲೋ ಹತ್ತಿಬಟ್ಟೆಯಿಂದಲೋ ಒರೆಸಬಾರದು. ಹತ್ತಿಯ ನೂಲಿಗೆ ಈ ಅಂಟು ತಗುಲಿದರೆ ಒಮ್ಮೆಲೇ ಗಟ್ಟಿಯಾಗುತ್ತಾ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಸೀರೆಯ ಮೇಲೆ ಚೆಲ್ಲಿದರೆ ತಣ್ಣೀರು ಸುರಿಯಬೇಕು.

ಗೊಂಬೆಮನೆ (ರಾತ್ರಿ 8.05)

ಬೆರಳು ಬಿಟ್ಟವು! ಬಿಸಿನೀರಿಗೆ ಅರ್ಧದಷ್ಟು ಬಿಟ್ಟು ಅಲ್ಲಿಗೇ ನಿಂತಿತು. ಹಿಂದಿನ ಅಂಗಳಕ್ಕೆ ಹೋಗಿ ಅಸಿಟೋನ್ ಮೂರು ಹನಿ ಹಾಕಿದ ಮೇಲೆ ಮೊಸರಿನ ಕೆನೆಯಂತೆ ಮೇಲೆದ್ದಿತು. ಚರ್ಮ ಕಿತ್ತಿಲ್ಲ, ಆದರೆ ಹೆಬ್ಬೆರಳ ಮೇಲೆ ಒಂದು ಬಿಳಿ ಪೊರೆ ಉಳಿದಿದೆ, ಬೆರಳು ಒಣಗಿ ಬಿರಿದಂತಾಗಿದೆ. ಹಾಗೆಯೇ ಅಸಿಟೋನಿನಿಂದ ಮೇಜನ್ನೂ ಒರೆಸಿಬಿಡಲೇ?

ಬಿಳಿಕೋಟು (ರಾತ್ರಿ 8.09)

ಸೋಪಿನಿಂದ ಕೈ ತೊಳೆದು, ಈಗ ಅತ್ತೆಯವರ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಬಿಳಿ ಪೊರೆಯನ್ನು ಉಗುರಿನಿಂದ ಕೀಳಬೇಡಿ, ಮೇಲ್ಚರ್ಮ ಕಳಚುವಾಗ ಕೆಲವು ದಿನಗಳಲ್ಲಿ ತಾನಾಗಿ ಉದುರುತ್ತದೆ. ಬಿರಿದ ಕಡೆಗೆ ಇದೇ ಅಂಟು ಹಚ್ಚಿದರಾಯಿತು ಎಂದು ಯಾರಾದರೂ ಸಲಹೆ ಕೊಟ್ಟಾರು. ಆಸ್ಪತ್ರೆಯಲ್ಲಿ ಗಾಯ ಕೂಡಿಸಲು ಬಳಸುವುದು ಇದೇ ಕುಲದ ಬೇರೆ ವಸ್ತು, ಅಂಗಡಿಯ ಟ್ಯೂಬು ಅದಕ್ಕಲ್ಲ.

ಹಳೆಕನ್ನಡಕ (ರಾತ್ರಿ 8.12)

ಮೇಡಂ, ಮೇಜಿಗೆ ಕೈ ಹಾಕುವ ಮೊದಲು ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ಕನ್ನಡಕದ ಕಡ್ಡಿ ಮುರಿದಾಗ ಇದೇ ಅಂಟಿನಿಂದ ಕೂಡಿಸಿದೆ, ಗಾಜಿನ ಅಂಚಿಗೆ ಒಂದು ಚುಕ್ಕೆ ಬಿತ್ತು, ಅದನ್ನು ಅಸಿಟೋನಿನಿಂದ ಒರೆಸಿದೆ. ಗಾಜೆಂದು ನಾವು ಕರೆಯುವುದು ಗಾಜಾಗಿರಲಿಲ್ಲ, ಪಾಲಿಕಾರ್ಬೊನೇಟ್. ನೋಡುನೋಡುತ್ತಲೇ ಮಂಜು ಕವಿದಂತೆ ಮಸುಕಾಯಿತು. ಚೌಕಟ್ಟು ಸೆಲ್ಯುಲೋಸ್ ಅಸಿಟೇಟಿನದು, ಅದು ಕರಗಿ ಒರೆಸಿದ ಬಟ್ಟೆಗೇ ಹತ್ತಿಕೊಂಡಿತು. ಅಂಟಿನ ಚುಕ್ಕೆಯೇನೋ ಹೋಯಿತು, ಕನ್ನಡಕವೂ ಹೋಯಿತು. ಮೊಬೈಲಿನ ಕವಚ, ಟಿ.ವಿ. ಅಂಚು, ಅಕ್ರಿಲಿಕ್ ಫಲಕ, ಯಾವುದಕ್ಕೂ ಅಸಿಟೋನ್ ತಗುಲಿಸಬೇಡಿ.

ಉಳಿಬಾಚಿ (ರಾತ್ರಿ 8.30)

ಮೇಡಂ, ಮರಗೆಲಸ ನನ್ನ ಹವ್ಯಾಸ, ಆ ಅನುಭವದಿಂದ ಹೇಳುತ್ತೇನೆ. ಬೀಟೆಗೆ ಅಸಿಟೋನಿನಿಂದ ಏನೂ ಆಗುವುದಿಲ್ಲ, ಆದರೆ ಅದರ ಮೇಲಿನ ಪಾಲಿಶಿಗೆ ಆಗುತ್ತದೆ. ಹಳೆಯ ಮೇಜಾಗಿದ್ದರೆ ಅದು ಅರಗಿನ ಫ್ರೆಂಚ್ ಪಾಲಿಶ್ ಇರಬಹುದು. ಹಾಗಿದ್ದರೆ ಸ್ಪಿರಿಟ್ಟೂ ಕೂಡದು, ಏಕೆಂದರೆ ಅರಗು ಕರಗುವುದೇ ಸ್ಪಿರಿಟ್ಟಿನಲ್ಲಿ. ಚನ್ನಪಟ್ಟಣದ ಗೊಂಬೆಗಳ ಬಣ್ಣವೂ ಅರಗಿನದೇ, ಅವನ್ನೂ ದೂರವಿಡಿ.

ಮೇಜಿನ ಮೇಲಿನ ಹನಿಗಳಿಗೆ ಅವಸರ ಪಡಬೇಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹನಿಯ ಮೇಲೆ ಒಂದೆರಡು ನಿಮಿಷವಷ್ಟೇ ಇಟ್ಟು ತೆಗೆದು ಒರೆಸಿ; ಹೆಚ್ಚು ಹೊತ್ತಿಟ್ಟರೆ ಪಾಲಿಶಿನಲ್ಲಿ ಬಿಳಿ ಮಚ್ಚೆ ಏಳುತ್ತದೆ. ಆಮೇಲೆ ಹಳೆಯ ಎ.ಟಿ.ಎಂ. ಕಾರ್ಡಿನ ಅಂಚನ್ನು ಹನಿಯ ಬುಡಕ್ಕೆ ಹೆಚ್ಚು ಕಡಿಮೆ ಮಲಗಿಸಿ ಹಿಡಿದು ತಳ್ಳಿ. ಈ ಅಂಟು ಎಳೆತಕ್ಕೆ ಬಗ್ಗದಿದ್ದರೂ ಪಕ್ಕದಿಂದ ಬೀಳುವ ಪೆಟ್ಟಿಗೆ ಗಾಜಿನಂತೆ ಚಟಕ್ಕೆಂದು ಹಾರುತ್ತದೆ. ನಯವಾದ ಪಾಲಿಶಿನ ಮೇಲೆ ಬಿದ್ದಿದ್ದರೆ ಹಿಡಿತವೂ ಕಡಿಮೆ. ಹಾರದೆ ಉಳಿದ ತೆಳುಪೊರೆಯನ್ನು ಅತಿ ನಯವಾದ ಎಮರಿ ಪೇಪರಿಗೆ ಎರಡು ಹನಿ ಎಣ್ಣೆ ಹಾಕಿ, ಅಂಟಿನ ಮೇಲಷ್ಟೇ ಉಜ್ಜಿ ತೆಗೆಯಬಹುದು, ಕೈ ಪಾಲಿಶಿಗೆ ತಲುಪುವ ಮುಂಚೆ ನಿಲ್ಲಿಸಬೇಕು. ಅನುಮಾನವಿದ್ದರೆ ಹಾಗೆಯೇ ಬಿಡಿ, ಬಾಳೆಲೆಯ ಕೆಳಗೆ ಯಾರಿಗೂ ಕಾಣುವುದಿಲ್ಲ.

ನೆಲ ಇದಕ್ಕಿಂತ ಸುಲಭ. ರೆಡ್ ಆಕ್ಸೈಡ್ ಎಂಬುದು ಸಿಮೆಂಟಿಗೆ ಬೆರೆಸಿದ ಕಬ್ಬಿಣದ ಆಕ್ಸೈಡ್, ಅದರ ಬಣ್ಣ ಅಸಿಟೋನಿಗೆ ಬಿಡುವುದಿಲ್ಲ. ಹೋಗುವುದು ಮೇಲಿನ ಮೇಣದ ಹೊಳಪು ಮಾತ್ರ. ಮೊದಲು ಕಾರ್ಡಿನಿಂದಲೇ ತಳ್ಳಿ ನೋಡಿ. ಏಳದಿದ್ದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಹನಿ ಪರೀಕ್ಷಿಸಿ, ಅನಂತರ ಅಸಿಟೋನ್ ಅದ್ದಿದ ಬಟ್ಟೆಯ ಚೂರನ್ನು ಅಂಟಿನ ಮೇಲೆ ಹಾಕಿ, ಆವಿಯಾಗದಂತೆ ಒಂದು ಸ್ಟೀಲ್ ಬಟ್ಟಲು ಮುಚ್ಚಿ ಐದು ನಿಮಿಷ ಬಿಡಿ. ಕಲೆ ಹೋದ ಮೇಲೆ ಅಷ್ಟು ಜಾಗಕ್ಕೆ ನೆಲದ ಮೇಣ ತಿಕ್ಕಿದರೆ ಹೊಳಪು ಕೂಡಿಕೊಳ್ಳುತ್ತದೆ. ಅಡುಗೆಮನೆಯ ಗ್ರಾನೈಟಿಗೂ ಹೀಗೆಯೇ. ನಿಂಬೆರಸ, ವಿನೆಗರ್ ಎಂದು ಕೆಲವರು ಸೂಚಿಸುತ್ತಾರೆ. ಹುಳಿ ಪದಾರ್ಥ ಸಿಮೆಂಟನ್ನೂ ಅಮೃತಶಿಲೆಯನ್ನೂ ಕಡಪ ಕಲ್ಲನ್ನೂ ತಿನ್ನುತ್ತದೆ.

ಕಿಟಕಿಪಕ್ಕ (ರಾತ್ರಿ 9.02)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸೊಳ್ಳೆಪರದೆಯ ವೆಲ್ಕ್ರೋ ಪಟ್ಟಿ ಕಿತ್ತ ಮೇಲೆ ಯು.ಪಿ.ವಿ.ಸಿ. ಕಿಟಕಿಯ ಚೌಕಟ್ಟಿನ ಸುತ್ತ ಅಂಟು ಉಳಿದು, ಧೂಳು ಹಿಡಿದು ಕರ್ರಗಾಗಿದೆ. ಇದಕ್ಕೂ ಅಸಿಟೋನ್ ಬಾರದೇ?

ರಸಾಯನ ಮೇಷ್ಟ್ರು (ರಾತ್ರಿ 9.10)

ಬಾರದು, ಯು.ಪಿ.ವಿ.ಸಿ. ಮೆತ್ತಗಾಗಿ ಮೈ ಕೆಡುತ್ತದೆ. ಆದರೆ ನಿಮ್ಮದು ಎಂದೂ ಗಟ್ಟಿಯಾಗದ ಜಾತಿಯ ಅಂಟು, ಇಲ್ಲಿ ಎಣ್ಣೆ ಗೆಲ್ಲುತ್ತದೆ. ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿ, ಬೆರಳಿನಿಂದ ಉಂಡೆ ಉಂಡೆಯಾಗಿ ಉರುಳಿಸಿ ತೆಗೆದು, ಉಳಿದದ್ದಕ್ಕೆ ಕೊಬ್ಬರಿ ಎಣ್ಣೆಯನ್ನೋ ನೀಲಗಿರಿ ಎಣ್ಣೆಯನ್ನೋ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ. ಎಣ್ಣೆಯ ಪಸೆ ಉಳಿದರೆ ಹೊಸ ಪಟ್ಟಿ ನಿಲ್ಲುವುದಿಲ್ಲವಾದ್ದರಿಂದ ಸೋಪುನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಮ್ಮೆ ಒರೆಸಿ. ಸರ್ಕ್ಯೂಟ್ ಬೋರ್ಡ್ ಶುಚಿ ಮಾಡಲು ಬಳಸುವುದರಿಂದ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದು ಸಿಗುತ್ತದೆ.

ಉಳಿಬಾಚಿ (ರಾತ್ರಿ 9.25)

ಗೊಂಬೆಮನೆ ಮೇಡಂ, ವೀಣೆಯ ವಿಷಯ ಎಲ್ಲರೂ ಮರೆತೆವು. ನೀರಿನಂತೆ ತೆಳುವಾದ ಅಂಟನ್ನು ಸುಟ್ಟ ಮಣ್ಣು ಕುಡಿದುಬಿಡುತ್ತದೆ, ಎಷ್ಟು ಹಾಕಿದರೂ ಸಂದಿನಲ್ಲಿ ನಿಲ್ಲುವುದಿಲ್ಲ. ಮುರಿದ ಎರಡು ಮುಖಗಳನ್ನೂ ಎಮರಿಯಿಂದ ಸ್ವಲ್ಪ ಕೆರೆದು, ಎರಡು ಟ್ಯೂಬಿನ ನಿಧಾನದ ಎಪಾಕ್ಸಿಯನ್ನು ಸಮಸಮ ಬೆರೆಸಿ ಹಚ್ಚಿ, ದಾರ ಸುತ್ತಿ ರಾತ್ರಿಯಿಡೀ ಬಿಡಿ. ನೇರ ಮಾಡಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ, ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ. ಕೈಗೆ ತಗುಲಿದರೆ ಗಟ್ಟಿಯಾಗುವ ಮೊದಲೇ ಒರೆಸಿ ಸೋಪಿನಿಂದ ತೊಳೆಯಬೇಕು. ಗೊಂಬೆಯ ಬಣ್ಣಕ್ಕೆ ಅಸಿಟೋನ್ ಸೋಕಿಸಬೇಡಿ.

ಗೊಂಬೆಮನೆ (ಮರುದಿನ ಸಂಜೆ 5.40)

ನೆಲದ ಅಂಟು ಕಾರ್ಡಿಗೆ ಏಳಲಿಲ್ಲ, ಬಟ್ಟಲು ಮುಚ್ಚಿಟ್ಟ ಎರಡನೆಯ ಸಲಕ್ಕೆ ಬಂತು. ಮೇಣ ತಿಕ್ಕಿದ್ದೇನೆ, ಓರೆಯಾಗಿ ನೋಡಿದರೆ ಮಾತ್ರ ಒಂದು ಮಂಕು ವೃತ್ತ ಕಾಣುತ್ತದೆ. ಮೇಜಿನ ಎರಡು ಹನಿ ಚಟಕ್ಕೆಂದು ಹಾರಿದವು, ಮೂರನೆಯದನ್ನು ಉಳಿಬಾಚಿಯವರ ಮಾತಿನಂತೆ ಬಾಳೆಲೆಗೆ ಬಿಟ್ಟಿದ್ದೇನೆ. ವೀಣೆ ನಿನ್ನೆ ರಾತ್ರಿಯಿಂದ ದಾರ ಸುತ್ತಿಕೊಂಡು ಅಕ್ಕಿ ಡಬ್ಬಿಗೆ ಒರಗಿದೆ, ಗಟ್ಟಿಯಾಗಿ ಕೂಡಿದಂತಿದೆ.

ಬಿಳಿಕೋಟು ಅವರೇ, ಟ್ಯೂಬು ಎಲ್ಲಿತ್ತೆಂದು ಕೇಳಿದ್ದಿರಿ, ಆಗ ಉತ್ತರಿಸಲಿಲ್ಲ. ತಣ್ಣಗಿದ್ದರೆ ಅಂಟು ಕೆಡುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಅದನ್ನು ಫ್ರಿಜ್ಜಿನ ಬಾಗಿಲಿನಲ್ಲಿಟ್ಟಿದ್ದೆ, ಅತ್ತೆಯವರು ದಿನವೂ ರಾತ್ರಿ ಕಣ್ಣಿಗೆ ಹಾಕಿಕೊಳ್ಳುವ ಔಷಧಿಯ ಸೀಸೆಯ ಪಕ್ಕದಲ್ಲಿ. ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ. ನಿನ್ನೆ ರಾತ್ರಿಯೇ ತೆಗೆದು ಸುತ್ತಿಗೆ, ಮೊಳೆಗಳ ಡಬ್ಬಿಗೆ ಹಾಕಿದೆ.