ಸಹಾಯ ಬೇಕು: ಹೊಂಗೆ ಹಿಂಡಿ ಉರಿಸಿದರೆ ಕಿಟ್ಟ ಕಟ್ಟುತ್ತಿದೆ

ನಮಸ್ಕಾರ. ಗದಗ ಹತ್ತಿರ ನಮ್ಮದು ಸಣ್ಣ ಎಣ್ಣೆ ಮಿಲ್ಲು. ಶೇಂಗಾ, ಕುಸುಬೆ ಹಿಂಡಿ ದನಕ್ಕೆ ಹೋಗುತ್ತದೆ, ಅದರ ಚಿಂತೆ ಇಲ್ಲ. ಹೊಂಗೆ ಹಿಂಡಿ ಹಾಗಲ್ಲ, ದನಕ್ಕೆ ಆಗದು. ಗೊಬ್ಬರಕ್ಕೆ ಮಾರಿ ಅಂತೀರಿ, ಮಾರುತ್ತೇವೆ. ಆದರೆ ಮಳೆಗೆ ನೆನೆದು ಬೂಸ್ಟು ಹಿಡಿದದ್ದನ್ನು ಯಾರೂ ಕೇಳುವುದಿಲ್ಲ. ಅದನ್ನು ಒಣಗಿಸಿ, ಶೇಂಗಾ ಸಿಪ್ಪೆ ಬೆರೆಸಿ ಬಾಯ್ಲರ್ ಒಲೆಗೆ ಹಾಕುತ್ತಿದ್ದೇವೆ. ಗೊಬ್ಬರವಾಗಿ ಹೊಲಕ್ಕೆ ಸೇರಬೇಕಾದ ಸಾರಜನಕ ಸುಮ್ನೆ ಹೊಗೆಯಲ್ಲಿ ಹೋಗುತ್ತದೆ ಅನ್ನುವ ಸಂಕಟ ನನಗೂ ಇದೆ.

ಕಾವು ಚೆನ್ನಾಗಿದೆ. ಹಿಂಡಿಯಲ್ಲಿ ಎಣ್ಣೆ ಅಂಶ ಉಳಿದಿರುತ್ತದೆ ಅಲ್ವಾ, ಜೋರಾಗಿ ಉರಿಯುತ್ತದೆ. ತೊಂದರೆ ಬೂದಿಯದು. ಅದರಲ್ಲಿ ಪೊಟ್ಯಾಷ್ ಇರುವುದರಿಂದ ಬೇಗ ಕರಗಿ, ಜಾಲರಿ ಮೇಲೆ ಕಲ್ಲಿನಂಥ ಕಿಟ್ಟ ಕಟ್ಟುತ್ತದೆ. ಕೆಳಗಿನ ಗಾಳಿ ನಿಲ್ಲುತ್ತದೆ. ಆಮೇಲೆ ಕಪ್ಪು ಹೊಗೆ, ಚಿಮಣಿ ತುಂಬ ಮಸಿ. ವಾಸನೆ ಬೇರೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ.

ಸಿಪ್ಪೆಗೆ ಹಿಂಡಿ ಎಷ್ಟು ಪಾಲು ಹಾಕಿದರೆ ಕಿಟ್ಟ ಕಟ್ಟುವುದಿಲ್ಲ? ಬೆಂಕಿಯ ಮೇಲ್ಭಾಗಕ್ಕೂ ಗಾಳಿ ಕೊಡಲು ಸಣ್ಣ ಬ್ಲೋವರ್ ಹಾಕಿದವರಿದ್ದೀರಾ, ಹೊಗೆ ಕಮ್ಮಿ ಆಯಿತಾ? ಉರಿಯುವಾಗಲೇ ಅಲುಗಾಡಿಸಿ ಬೂದಿ ಬೀಳಿಸುವ ಜಾಲರಿಯನ್ನು ಹುಬ್ಬಳ್ಳಿ ಕಡೆ ಯಾರು ಮಾಡಿಕೊಡುತ್ತಾರೆ? ಬ್ರಿಕೆಟ್ ಮಷೀನು (ಸಿಪ್ಪೆ, ಹಿಂಡಿ ಒತ್ತಿ ಉರುವಲು ಗಟ್ಟಿ ಮಾಡುವಂಥದ್ದು) ತಗೊಳ್ಳಿ ಅನ್ನಬೇಡಿ, ಅಷ್ಟು ದುಡ್ಡಿಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.